ತೋಳುಪಟ್ಟಿ ಹೊಲಿದ ವರ್ಷ

14 ಜೂನ್ 1932, ಬೆಳಿಗ್ಗೆ
ಕಸೂತಿ ಯಂತ್ರಗಳಿಗೆ ಎಣ್ಣೆ ಬಿಟ್ಟೆ. ಹನ್ನೆರಡರಲ್ಲಿ ಓಡುತ್ತಿರುವುದು ಎರಡು. ಅಮೆರಿಕದವರಿಗೆ ನಮ್ಮ ಪ್ಲೌಯನ್ ಊರಿನ ಲೇಸ್ ಈಗ ಬೇಡ. ಊರಿನ ಅರ್ಧ ಜನ ಉದ್ಯೋಗ ಕಚೇರಿಯ ಸಾಲಿನಲ್ಲಿ.

ಊಟದ ಹೊತ್ತಿಗೆ ಅದೇ ಜಗಳ. ಕಮ್ಯುನಿಸ್ಟ್ ಹುಡುಗಿ ಲೋನಿ ನಮ್ಮ ಹಿರಿಯ ಕಸೂತಿಗಾರ ಅರ್ನೋ ಟ್ರೋಗರ್‌ನನ್ನು ಕೆಣಕಿದಳು. “ನಿರುದ್ಯೋಗ ಭತ್ಯೆ ಕತ್ತರಿಸಿದ ಸರ್ಕಾರಾನ ಎರಡು ವರ್ಷ ಎತ್ತಿ ಹಿಡಿದೋರು ಯಾರು ಮಾಮ? ನಿಮ್ಮ ಸೋಷಲ್ ಡೆಮಾಕ್ರಟ್ರೇ ತಾನೆ?”

“ಇನ್ನೂ ಕೆಟ್ಟೋರು ಬರಬಾರ್ದು ಅಂತ ಕಣೇ,” ಅಂದ ಅರ್ನೋ.

“ಬಂದ್ರಲ್ಲ ಈ ತಿಂಗಳು, ಹೊಸ ಸರ್ಕಾರ.”

ಅವನು ಬ್ರೆಡ್ಡು ಮುರಿದ. ನಾನೂ ಅದೇ ಪಕ್ಷಕ್ಕೆ ಓಟು ಹಾಕುವವಳು. ತಲೆ ತಗ್ಗಿಸಿ ಆಲೂಗಡ್ಡೆ ಸುಲಿದೆ.

23 ಜೂನ್
ಕಂದು ಅಂಗಿಯವರ ಸಮವಸ್ತ್ರದ ಮೇಲಿದ್ದ ನಿಷೇಧ ಹೋದ ವಾರ ತೆಗೆದರು. ಇವತ್ತು ಯಜಮಾನರ ಮುಖ ಅರಳಿದೆ. ಅವರಿಂದ ಆರ್ಡರ್ ಬಂದಿದೆ, ಸ್ವಸ್ತಿಕದ ತೋಳುಪಟ್ಟಿ — ಆರು ಯಂತ್ರಕ್ಕೆ ಸಾಕಾಗುವಷ್ಟು ಕೆಲಸ.

ಇದೇ ಗೆರ್ಬೆತ್ ಯಜಮಾನರು ಎರಡು ವರ್ಷದ ಹಿಂದೆ ಸಣ್ಣ ವ್ಯಾಪಾರಿಗಳ ಪಕ್ಷದ ಪರವಾಗಿ ಭಾಷಣ ಮಾಡಿದ್ದರು, ಕಂದು ಅಂಗಿಯವರು ರೌಡಿಗಳು ಅಂತ. ಅದನ್ನೇ ನೆನಪಿಸಿ ಕೇಳಿದೆ.

“ಆ ಪಕ್ಷ ಈಗ ಎಲ್ಲಿದೆ ಓಟಿಲಿ? ಒಂದು ಮೇಜಿನ ಸುತ್ತ ಕೂರೋಷ್ಟೂ ಜನ ಇಲ್ಲ. ದಾರಕ್ಕೆ ರಾಜಕೀಯ ಇಲ್ಲಮ್ಮ.”

24 ಜೂನ್
ಅರ್ನೋ ಮಾದರಿ ನೋಡಿದ, ಮಡಿಸಿದ್ದ ಅಂಗಿಯ ತೋಳು ಇಳಿಸಿದ, ಟೋಪಿ ತೆಗೆದುಕೊಂಡ. “ಇದನ್ನ ಹೊಲಿಯೋ ಕೈ ನಂದಲ್ಲ ಓಟಿಲಿ.” ಹೊರಟೇಹೋದ.

ಉದ್ಯೋಗ ಕಚೇರಿಗೆ ಕಾಗದ ಬರೆಯಬೇಕಾದವಳು ನಾನು, ಮೇಲ್ವಿಚಾರಕಿ. ‘ಕೆಲಸವಿಲ್ಲದ್ದರಿಂದ ಬಿಡಿಸಲಾಗಿದೆ’ ಎಂದರೆ ಅವನಿಗೆ ಭತ್ಯೆ. ‘ಕೆಲಸ ನಿರಾಕರಿಸಿದ’ ಎಂದರೆ ಆರು ವಾರ ಏನೂ ಇಲ್ಲ. ಯಜಮಾನರು ಬಾಗಿಲಲ್ಲಿ ನಿಂತಿದ್ದರು. “ನಿಜ ಬರಿ. ಇಲ್ಲಾಂದ್ರೆ ನೀನೂ ಅವನ ಹಿಂದೆ ಹೋಗು.”

ಬರೆದೆ. ‘ಕೆಲಸ ನಿರಾಕರಿಸಿದ.’ ನನ್ನ ಅಕ್ಷರ ಎಂದಿಗಿಂತ ದುಂಡಗಿತ್ತು. ಥೂ.

31 ಜುಲೈ, ಭಾನುವಾರ
ಓಟು ಹಾಕಿ ಬಂದೆ. ಬೀದಿಯಲ್ಲಿ ಹೋಗುವ ಪ್ರತಿ ತೋಳಿನ ಮೇಲೂ ಹೊಲಿಗೆ ಹುಡುಕುತ್ತೇನೆ. ಒಂದರ ಅಂಚು ಓರೆಯಾಗಿತ್ತು. ಸರಿಯಾಗಿ ಹೊಲಿಯಬೇಕಿತ್ತು ಅನ್ನಿಸಿತು. ಅಸಹ್ಯ.

9 ಆಗಸ್ಟ್
ಅರ್ನೋನ ಹೆಂಡತಿ ಹುಲ್ಡಾ ಬಂದಿದ್ದಳು. ಕೆನ್ನೆ ಒಳಗೆ ಹೋಗಿದೆ.

“ಅವನ ಯಂತ್ರ ಖಾಲಿ ಇದ್ರೆ ನಂಗೆ ಕೊಡು ಅಕ್ಕ.”

“ಅದರಲ್ಲಿ ಏನು ಹೊಲೀತಾರೆ ಗೊತ್ತಾ?”

“ಗೊತ್ತು. ಇಲ್ಲಿಗೆ ಬರ್ತೀನಿ ಅಂದಿದ್ದಕ್ಕೆ ಅವನು ನನ್ನ ಹತ್ರ ಮಾತು ಬಿಟ್ಟಿದಾನೆ. ಮಾತು ಬಿಟ್ರೂ ಸೂಪು ಕುಡೀಬೇಕಲ್ಲ.” ಆಮೇಲೆ ಮೆಲ್ಲಗೆ — “ಆ ಗೆರ್ಬೆತ್ ಕೈ ಬಿದ್ದುಹೋಗ್ಲಿ. ಏನು ಬರೆದ ನೋಡು ಕಾಗದದಲ್ಲಿ. ನೀನಾದ್ರೂ ಇದ್ದೀಯಲ್ಲ.”

ಹೇಳಲಿಲ್ಲ. ಯಂತ್ರ ಕೊಟ್ಟೆ.

7 ನವೆಂಬರ್
ನಿನ್ನೆ ಮತ್ತೆ ಚುನಾವಣೆ. ಕಂದು ಅಂಗಿಯವರಿಗೆ ಇಪ್ಪತ್ತು ಲಕ್ಷ ಓಟು ಕಡಿಮೆ. ಪತ್ರಿಕೆ ಓದುತ್ತಾ ಯಜಮಾನರು ಅಂದರು, “ಅವರು ಮುಳುಗಿದ್ರೆ ನಾವೂ ಮುಳುಗ್ತೀವಿ.”

ಉಳಿದ ಆರ್ಡರ್ ಎಣಿಸಿದೆ. ಕೆಲಸ ಹೋಗುತ್ತದಲ್ಲ ಎಂದು. ಒಂದು ಕ್ಷಣ... ಅವರು ಗೆಲ್ಲಲಿ ಅನ್ನಿಸಿತು. ನನಗೆ. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

31 ಜನವರಿ 1933
ನಿನ್ನೆ ಅವರೇ ಅಧಿಕಾರಕ್ಕೆ ಬಂದರು. ಹನ್ನೆರಡು ಯಂತ್ರವೂ ಓಡುತ್ತಿವೆ. ಯಜಮಾನರು ಎಲ್ಲರಿಗೂ ಕೇಕು ಹಂಚಿದರು. ಲೋನಿ ಬರಲಿಲ್ಲ. ಕೇಕು ಉಳಿಯಲಿಲ್ಲ.

13 ಮಾರ್ಚ್
ಬೆಳಿಗ್ಗೆ ಅರ್ನೋನನ್ನು ಲಾರಿಗೆ ಹತ್ತಿಸಿದರಂತೆ. ಬಂದವರು ಕಂದು ಅಂಗಿಯ ನಾಲ್ವರು. ಹುಲ್ಡಾ ಮಧ್ಯಾಹ್ನ ಕೆಲಸಕ್ಕೆ ಬಂದಳು, ಕೂತಳು, ದಾರ ಪೋಣಿಸಿದಳು.

“ತೋಳುಪಟ್ಟಿ ನೋಡ್ದೆ ಅಕ್ಕ. ನಾಲ್ಕೂ ನಮ್ಮಲ್ಲೇ ಹೊಲಿದಿದ್ದು.” ಅಳಲಿಲ್ಲ. “ಕೆಲಸ ಬೇಡ ಅಂದೋನು ಇವನೇನಾ ಅಂತ ಕೇಳಿದ್ರು. ಅವರಿಗೆ ಹೇಗೆ ಗೊತ್ತು?”

15 ಮಾರ್ಚ್, ಸಂಜೆ ನಾಲ್ಕು
ಎರಡು ದಿನದಿಂದ ಹುಲ್ಡಾ ಇಲ್ಲ. ಬೇರೆಯವಳನ್ನು ಕೂರಿಸು ಅಂದರು ಯಜಮಾನರು. ಕೂರಿಸಿದೆ.

ಅವಳ ಮನೆಗೆ ಹೋಗಬೇಕು. ಬ್ರೆಡ್ಡು ಕಟ್ಟಿಕೊಂಡೆ, ಕೋಟು ಹಾಕಿಕೊಂಡೆ. ಹೇಳಲು ಬಾಯಿ ಬರುವುದಿಲ್ಲವೆಂದು ಮೊದಲು ಇಲ್ಲಿ ಬರೆದು ನೋಡುತ್ತೇನೆ. ಹುಲ್ಡಾ, ಆ ಕಾಗದ ಬರೆದದ್ದು ಗೆರ್ಬೆತ್ ಅಲ್ಲ. ಅವರು ಬಾಗಿಲಲ್ಲಿ ನಿಂತಿದ್ದರು ನಿಜ, ಆದರೆ —