ತೊಳೆದಿಟ್ಟ ಬಾಟಲಿಗಳು

ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಅಪ್ಪನಿಗೆ ಸ್ವಲ್ಪ ಹೇಳು, ಕಂಡಕಂಡವರ ಮುಂದೆ "ನಮ್ಮ ಮಗಳು ಫಾರಿನ್ನಲ್ಲಿ ಇಂಜಿನಿಯರು" ಅನ್ನುವುದು ಸದ್ಯಕ್ಕೆ ಬೇಡ.

ಇತಿಹಾಸ ಓದಿದವಳು ಕೊಳಚೆ ನೀರು ಶುದ್ಧ ಮಾಡುವ ವಿದ್ಯೆ ಕಲಿಯಲು ಬಂದೆನಲ್ಲ, ಮೊನ್ನೆ ಲ್ಯಾಬಿನಲ್ಲಿ ಕೈ ಸುಮ್ಮನಿರಲಾರದೆ ಕಪ್ಪು ಕೆಸರಿದ್ದ ಬಾಟಲಿಗಳನ್ನೆಲ್ಲ ಸೋಪು ಹಾಕಿ ಫಳಫಳ ತೊಳೆದಿಟ್ಟೆ. ನೀರು ಶುದ್ಧ ಮಾಡುವ ಜೀವಾಣುಗಳು ಇದ್ದದ್ದೇ ಆ ಕೆಸರಿನಲ್ಲಂತೆ. ಜೊತೆಯವರು ತಿಂಗಳುಗಟ್ಟಲೆ ಅವನ್ನು ಮಗುವಿನಂತೆ ಸಾಕಿದ್ದರು.

ಯಾರೂ ಬೈಯಲಿಲ್ಲ. ಮೇಷ್ಟ್ರು ಮಾತ್ರ, "ಯಾಕೆ ತೊಳೆದೆ?" ಎಂದು ಕೇಳಿದರು.

"ಗಲೀಜು ಪಾತ್ರೆ ಹಾಗೇ ಬಿಡಬಾರದು ಅಂತ ನಮ್ಮಮ್ಮ ಕಲಿಸಿದ್ದು" ಅಂದುಬಿಟ್ಟೆ.

ಎಲ್ಲರೂ ನಕ್ಕರು. ಅವರ ಜೊತೆ ನಾನೂ ನಕ್ಕೆ.

ಈ ಭಾನುವಾರ ವಿಡಿಯೋ ಕಾಲ್ ಬೇಡಮ್ಮ, ಮುಖ ನೋಡಿದರೆ ನಿನಗೆ ಗೊತ್ತಾಗಿಬಿಡುತ್ತದೆ. ಬರೀ ಫೋನ್ ಮಾಡು.

ನಿನ್ನ ಮಗಳು