ನೂರಾ ಇಪ್ಪತ್ತೆಂಟು ಡಿಗ್ರಿ ಎಂದು ಹಟ ಹಿಡಿದ ಲ್ಯಾಪ್‌ಟಾಪ್

ಬಾಗಲಕೋಟೆ
ಫೆಬ್ರವರಿ ಮೂವತ್ತು, ೨೦೯೧

‘ಕೆಂಪಿರುವೆ’ ಎಂಬ ಹೆಸರಿನಲ್ಲಿ ಬರೆದವರಿಗೆ,

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಮೂವತ್ತು ದಿನಕ್ಕೆ ಸಮ ಮಾಡಿಕೊಂಡು ನಮಗೆ ಹನ್ನೆರಡು ವರ್ಷವಾಯಿತು. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ರಜೆಯಾಗಿ ಬರುತ್ತವೆ. ನನ್ನ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ನಿಜವಾದ ಹೆಸರು, ಊರು, ನೀವು ಹೆಣ್ಣೋ ಗಂಡೋ, ಒಂದೂ ನನಗೆ ತಿಳಿಯದು. ೨೦೨೭ರಲ್ಲಿ ನೀವು ಬರೆದಿಟ್ಟ ಒಂದು ಪುಟ ಮಾತ್ರ ಗೊತ್ತು.

ನಾನು ಶಾಂಭವಿ ಹುಣಶ್ಯಾಳ, ಇಲ್ಲಿನ ಜೀರ್ಣಶಾಲೆಯಲ್ಲಿ ಕೆಲಸ. ತಯಾರಕರು ಕೈಬಿಟ್ಟ ಹಳೆಯ ಯಂತ್ರಗಳನ್ನು ಬದುಕಿಸಿಕೊಳ್ಳಲು ಊರೂರಲ್ಲಿ ತೆರೆದಿರುವ ಕಾರ್ಯಾಗಾರಕ್ಕೆ ನಾವು ಹಾಗೆನ್ನುತ್ತೇವೆ. ಬೆಳಗಿನ ಐದಕ್ಕೆ ಬಾಗಿಲು ತೆರೆಯುತ್ತೇವೆ. ಹನ್ನೊಂದರಿಂದ ನಾಲ್ಕರವರೆಗೆ ‘ನೆರಳುಗಂಟೆ’: ಬಿಸಿಲು ಅಷ್ಟು ಕೆಟ್ಟಿರುವುದರಿಂದ ಬೀದಿಯಲ್ಲಿ ಯಾರೂ ಓಡಾಡುವಂತಿಲ್ಲ, ಬಸ್ಸುಗಳೂ ನಿಲ್ಲುತ್ತವೆ. ಇದ್ದಲ್ಲೇ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿಕೊಂಡು, ರೊಟ್ಟಿ, ಶೇಂಗಾ ಹಿಂಡಿ ತಿಂದು, ಕೂತಲ್ಲೇ ಆಗುವ ಕೆಲಸ ಮಾಡುತ್ತೇವೆ. ಗಾಬರಿಯಾಗಬೇಡಿ, ರೂಢಿಯಾಗಿದೆ.

ಡಿಸೆಂಬರಿನ ಮೊದಲ ವಾರ ಗಲಗಲಿಯಿಂದ ಬಸಲಿಂಗವ್ವ ಎಂಬ ಅರವತ್ತೆಂಟರ ಹೆಂಗಸು ಗಂಡ ಶಂಕ್ರೆಪ್ಪನ ಜೊತೆ ಬಂದರು. ಅವರದು ಹಿಟ್ಟಿನ ಗಿರಣಿ. ಬಸಲಿಂಗವ್ವ ಹುಟ್ಟುಕಿವುಡಿ, ಮೂರನೆಯ ವಯಸ್ಸಿನಲ್ಲಿ, ನಿಮ್ಮ ಕಾಲದಲ್ಲೇ, ಕಿವಿಯೊಳಗೆ ಯಂತ್ರ ಕೂರಿಸಿದ್ದರು. ಒಳಗಿನದು ಇನ್ನೂ ಗಟ್ಟಿಯಾಗಿತ್ತು. ಹೊರಗೆ ತೊಡುವ ಭಾಗ ಮೆಟ್ಟಿಲ ಮೇಲೆ ಬಿದ್ದು ಒಡೆದುಹೋಗಿತ್ತು. ಬದಲಿ ಸಿಕ್ಕಿತು, ಆದರೆ ಅದನ್ನು ಅವರ ಕಿವಿಗೆ ಹೊಂದಿಸುವ ತಂತ್ರಾಂಶ ಓಡುವುದು ನಿಮ್ಮ ಕಾಲದ ಒಂದೇ ಒಂದು ಮಾದರಿಯ ಲ್ಯಾಪ್‌ಟಾಪಿನಲ್ಲಿ. ಹೊಸದಾಗಿ ಶಸ್ತ್ರಚಿಕಿತ್ಸೆಗೆ ಅವರ ಹೃದಯ ತಡೆಯದು ಎಂದು ವೈದ್ಯರು ಹೇಳಿದ್ದರು.

“ಮೂರು ತಿಂಗಳಾತ್ರೀ ಮೇಡಮ್ಮಾರ, ಮನ್ಯಾಗ ಬರೇ ಕೈಸನ್ನಿ,” ಎಂದರು ಶಂಕ್ರೆಪ್ಪ. “ಆಕಿ ಜಗಳಾ ಆಡೂದೂ ಬಿಟ್ಟಾಳ. ಅದ ನನಗ ಹೆದರಿಕಿ.”

ಆ ಮಾದರಿಯ ಲ್ಯಾಪ್‌ಟಾಪ್ ನಮ್ಮ ಕಪಾಟಿನಲ್ಲಿ ಒಂದಿತ್ತು. ಡಿಸ್ಕ್ ಸತ್ತಿತ್ತು. ಬೇರೆ ಡಿಸ್ಕ್ ಹಾಕಿ, ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲನ್ನು, ಎಲ್ಲರಿಗೂ ತೆರೆದಿರುವ ನಿಮ್ಮ ಕಾಲದ್ದನ್ನೇ, ಹಳೆಯ ತಂತ್ರಾಂಶ, ಬರಹಗಳನ್ನು ಕಾದಿಟ್ಟಿರುವ ಭಂಡಾರದಿಂದ ತಂದು ಕೂರಿಸಿದೆ. ಶುರುವಾಯಿತು. ನಲವತ್ತು ಸೆಕೆಂಡಿಗೆ ತಾನಾಗಿ ಆರಿಹೋಯಿತು. ಮತ್ತೆ ಹಾಕಿದೆ, ಮತ್ತೆ ಆರಿತು. ಆರುವ ಮುಂಚೆ ಪರದೆಯ ಮೇಲೆ ಒಂದು ಸಾಲು: ಶಾಖ ನೂರಾ ಇಪ್ಪತ್ತೆಂಟು ಡಿಗ್ರಿ, ಅಪಾಯ, ಮುಚ್ಚುತ್ತಿದ್ದೇನೆ. ಅಂಗೈ ಇಟ್ಟು ನೋಡಿದರೆ ಲ್ಯಾಪ್‌ಟಾಪ್ ಗಡಿಗೆಯಷ್ಟು ತಣ್ಣಗಿತ್ತು.

ಫ್ಯಾನಿನ ಧೂಳು ತೆಗೆದೆ. ಪ್ರೊಸೆಸರಿನ ಮೇಲಿನ ಪೇಸ್ಟ್ ಬದಲಿಸಿದೆ. ಇನ್ನೂ ಹಿಂದಿನ ಕರ್ನಲ್ ಹಾಕಿದೆ, ಅದೂ ಅಷ್ಟೇ. ಭಂಡಾರದಲ್ಲಿರುವ ನಿಮ್ಮ ಕಾಲದ ಚರ್ಚಾಪುಟಗಳನ್ನು ಹುಡುಕಿದಾಗ ಇದೇ ತೊಂದರೆ ತೋಡಿಕೊಂಡ ಮೂವರು ಸಿಕ್ಕರು. ಇಬ್ಬರು ಕೇಳಿ ಸುಮ್ಮನಾಗಿದ್ದರು. ಮೂರನೆಯವರು ಎರಡು ದಿನ ಬಿಟ್ಟು ಬರೆದಿದ್ದರು: “ಸರಿಹೋಯಿತು, ಧನ್ಯವಾದ.” ಹೇಗೆ ಎಂದು ಒಂದಕ್ಷರವಿಲ್ಲ. ಅರವತ್ತು ವರ್ಷದ ಹಿಂದಿನ ಆ ಮನುಷ್ಯನನ್ನು ನಾನು ಎಷ್ಟು ಬೈದೆ ಎಂದರೆ, ಪಕ್ಕದ ಮೇಜಿನವರು ಎದ್ದು ಬಂದು ನೀರು ಕೊಟ್ಟರು.

ಹನ್ನೊಂದನೆಯ ದಿನ ನಿಮ್ಮ ಪುಟ ಸಿಕ್ಕಿತು. ತಯಾರಕರು ಯಂತ್ರದೊಳಗೇ ಹುದುಗಿಸಿದ ಫರ್ಮ್‌ವೇರ್ ಈ ಮಾದರಿಯಲ್ಲಿ ಕೂರಿಸದೇ ಇರುವ ಒಂದು ಶಾಖದ ಸಂವೇದಕವನ್ನು ಓದಲು ಹೋಗುತ್ತದೆ, ಏನೂ ಸಿಗದೆ ನೂರಾ ಇಪ್ಪತ್ತೆಂಟು ಎನ್ನುತ್ತದೆ, ಕರ್ನಲ್ ಪಾಪ ಅದನ್ನು ನಂಬುತ್ತದೆ ಎಂದು ಬರೆದಿದ್ದಿರಿ. ಶುರುವಾಗುವಾಗಲೇ ಶಾಖದ ಮಿತಿಯನ್ನು ಲೆಕ್ಕಿಸಬೇಡವೆಂದು ಕರ್ನಲಿಗೆ ಹೇಳುವ ಒಂದು ಸಾಲನ್ನೂ ಕೊಟ್ಟಿದ್ದಿರಿ. ಅದರ ಕೆಳಗೆ ನೀವು ಮಾಡಿ ಸೋತ ಒಂಬತ್ತು ಪ್ರಯತ್ನ. ಅದರಲ್ಲಿ ಆರನ್ನು ನಾನೂ ಮಾಡಿದ್ದೆ! ಕೊನೆಗೆ ಎಚ್ಚರಿಕೆ: ಈ ಸಾಲು ಹಾಕಿದ ಮೇಲೆ ಯಂತ್ರ ನಿಜಕ್ಕೂ ಕಾದರೂ ತಡೆಯುವವರಿಲ್ಲ, ಫ್ಯಾನನ್ನು ಪೂರ್ತಿ ಓಡಿಸಿ, ಪ್ರೊಸೆಸರಿನ ಸ್ವಂತ ಸಂವೇದಕದ ಮೇಲೆ ಕಣ್ಣಿಡಿ.

ಸಾಲು ಹಾಕಿದೆ. ಯಂತ್ರ ಆರಲಿಲ್ಲ. ಆಗ ನನಗೆ ಭಯ ಶುರುವಾಯಿತು. ಈ ಲ್ಯಾಪ್‌ಟಾಪಿನ ತಂತಿ ಹೋಗುವುದು ಒಬ್ಬರ ತಲೆಗೆ. ಎರಡು ದಿನ ಅದೊಂದನ್ನೇ ಓಡಿಸಿ ನೋಡಿದೆ. ಐವತ್ತೆಂಟು ಡಿಗ್ರಿ ದಾಟಲಿಲ್ಲ. ಆದರೂ ಧೈರ್ಯ ಸಾಲದೆ ಎಲ್ಲವನ್ನೂ ಹಾಳೆಯ ಮೇಲೆ ಬರೆದು ಬಸಲಿಂಗವ್ವನ ಮುಂದಿಟ್ಟೆ. ಅವರು ಓದಿ ಹಾಳೆ ಮಡಚಿದರು.

“ಹಚ್ಚವಾ,” ಎಂದರು. “ಕಲ್ಲ ಕಾಯತೈತಿ ಅಂತ ಜ್ವಾಳಾ ಬೀಸೂದು ಬಿಡತೀವೇನ? ಕೈ ಇಟ್ಟ ನೋಡ್ಕೋತ ಬೀಸತೀವಿ.”

ಹಾಗೇ ಮಾಡಿದೆವು. ನೆರಳುಗಂಟೆಯಲ್ಲಿ, ವಿದ್ಯುತ್ತಿನ ತಂತಿ ಕಿತ್ತು, ಬರೀ ಬ್ಯಾಟರಿಯ ಮೇಲೆ. ನನ್ನ ಎಡಗೈ ಲ್ಯಾಪ್‌ಟಾಪಿನ ಹೊಟ್ಟೆಯ ಕೆಳಗೆ, ಕಣ್ಣು ಅಂಕಿಯ ಮೇಲೆ. ಒಂದೊಂದೇ ಸ್ವರ ಕಳಿಸುತ್ತಿದ್ದೆ, ಅವರು ಬೆರಳೆತ್ತುತ್ತಿದ್ದರು. ಮೇಲಿನ ನಾಲ್ಕು ಸ್ವರಗಳಿಗೆ ಬೆರಳೇಳಲಿಲ್ಲ. ಅವು ಇವತ್ತಿಗೂ ಬಂದಿಲ್ಲ. ಹಕ್ಕಿ, ಸೀಟಿ ಅವರಿಗೆ ಕೇಳುವುದಿಲ್ಲ. ಉಳಿದವು ಬಂದವು.

“ಕೇಳಸತೈತೇನ?” ಎಂದು ಶಂಕ್ರೆಪ್ಪ ಜೋರಾಗಿ ಕೂಗಿದರು.

“ಒದರಬ್ಯಾಡ್ರಿ, ನಾ ಇಲ್ಲೇ ಅದೀನಿ,” ಎಂದರು ಬಸಲಿಂಗವ್ವ. ಆಮೇಲೆ ಸುತ್ತ ನೋಡಿ, “ಇದೇನವಾ, ಗುಂಯ್ ಅನ್ನಾಕತ್ತೈತಿ?”

ನಿಮ್ಮ ಮಾತು ಕೇಳಿ ಪೂರ್ತಿ ಓಡಲು ಬಿಟ್ಟ ಫ್ಯಾನ್ ಅದು. ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿ ಫ್ಯಾನಿನ ಕಿಂಡಿ ತೋರಿಸಿದೆ. ಅಷ್ಟರಲ್ಲಿ ಅವರಿಬ್ಬರೂ ಗಿರಣಿಯ ಬೀಗದ ಕೈ ಯಾರು ಮರೆತರೆಂದು ಜಗಳ ಶುರುಮಾಡಿದ್ದರು. ಶಂಕ್ರೆಪ್ಪ ಕಣ್ಣೊರೆಸಿಕೊಳ್ಳುತ್ತ ಜಗಳವಾಡುತ್ತಿದ್ದರು.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಜೊತೆಯವರಿಗೆ ಹೇಳಿ: ಏನನ್ನಾದರೂ ಸರಿಪಡಿಸಿದ ದಿನ ದಣಿದಿರುತ್ತೀರಿ, ಎದ್ದು ಹೋಗಬೇಕೆನಿಸುತ್ತದೆ, ನನಗೂ ಹಾಗೇ. ಆದರೂ ಇನ್ನು ಐದು ನಿಮಿಷ ಕೂತು, ಹೇಗೆ ಸರಿಹೋಯಿತೆಂದು ಬರೆಯಿರಿ. ಸೋತ ದಾರಿಗಳನ್ನೂ ನಾಚಿಕೆಯಿಲ್ಲದೆ ಬರೆಯಿರಿ. ಓದುವವರು ಇನ್ನೂ ಹುಟ್ಟಿರಲಿಕ್ಕಿಲ್ಲ.

ನಮಸ್ಕಾರಗಳೊಂದಿಗೆ,
ಶಾಂಭವಿ