ಬೆನ್ನೊಳಗಿನ ಮಷಿನ್

ಸೆಪ್ಟೆಂಬರ್ 24, ಬೆಳಿಗ್ಗೆ
ಲಿಂಗಪೂಜೆ ಆಯಿತು. ಚಹಾ ಆಯಿತು. ಬೆಲ್ಟ್ ಕಟ್ಟಿಕೊಂಡು ಬೆನ್ನೊಳಗಿನ ಮಷಿನ್‌ಗೆ ಚಾರ್ಜ್ ಹಾಕಿ ಕುಳಿತಿದ್ದೇನೆ. ಮೂರು ವರ್ಷದಿಂದ ಇದೇ. ನರಕ್ಕೆ ಸಣ್ಣಗೆ ಕರೆಂಟ್ ಕೊಟ್ಟು ಎಡಗಾಲಿನ ಉರಿಯನ್ನು ಅದುಮಿ ಇಡುತ್ತದೆ.
ನಿನ್ನೆ ನವನಗರದ ಸ್ಟಾಪಿನಲ್ಲಿ ಎಡಗಾಲ ಚಪ್ಪಲಿ ಕಳಚಿ ಬಿದ್ದದ್ದು ಗೊತ್ತೇ ಆಗಲಿಲ್ಲ. ಹೆಂಡತಿ ಮುರಿಗೆವ್ವ ಹಿಂದಿನಿಂದ ಎತ್ತಿಕೊಂಡು ಬಂದಳು. "ಸಾಹೇಬ್ರ ಚಪ್ಪಲಿ ಹೊರಾಕ ಒಂದು ಆಳು ಇಡ್ರಿ." ನಕ್ಕೆ.

ಸೆ. 27
ಡಾಕ್ಟರು ಪಾದಕ್ಕೆ ಪಿನ್ನು ಚುಚ್ಚಿ ನೋಡಿದರು. ಬೆರಳಿಗೆ ತಿಳಿಯಲಿಲ್ಲ. ಬೆನ್ನಲ್ಲಿ ನರ ಒತ್ತುತ್ತಿರಬೇಕು, ಎಂಆರ್‌ಐ ಲಗೂ ಆಗಬೇಕು, ತಡವಾದರೆ ಕಾಲು ಹೋದೀತು ಎಂದರು.
ಆದರೆ ಅದು ದೊಡ್ಡ ಅಯಸ್ಕಾಂತ. ಮೊದಲು ನನ್ನ ಮಷಿನ್ನನ್ನು ರಿಮೋಟಿನಿಂದ ಸ್ಕ್ಯಾನ್ ಮೋಡಿಗೆ ಹಾಕಬೇಕಂತೆ. ಹಾಕಿದರೆ ಕರೆಂಟ್ ಬಂದ್. ಉರಿ ವಾಪಸ್. ಆ ಉರಿ... ಬೇಡ.
ಎರಡು ಸೆಂಟರಿನವರು ಆಗುವುದಿಲ್ಲ ಎಂದರು. ಗೋಕುಲ ರಸ್ತೆಯವರು ಒಪ್ಪಿದ್ದಾರೆ. ಮೂರನೇ ತಾರೀಖು — ಹಬ್ಬ ಮುಗಿಸಿಕೊಂಡು.

ಅಕ್ಟೋಬರ್ 1, ಖಂಡೇಪೂಜೆ
ಕುಡಗೋಲು, ಹೊಲಿಗೆ ಮಷಿನ್, ಸ್ಕೂಟರ್ — ಎಲ್ಲ ತೊಳೆದಳು ಮುರಿಗೆವ್ವ. ರಿಮೋಟನ್ನೂ. ವಿಭೂತಿ, ಕುಂಕುಮ, ಚೆಂಡು ಹೂವು. "ನಿಮ್ಮನ್ನ ನಡಸೋದ ಅದು. ಅದಕ್ಕ ಪೂಜಿ ಬ್ಯಾಡೇನ್ರಿ?"
ಸಂಜೆ ರಿಮೋಟ್ ಒತ್ತಿದೆ. ಲೈಟ್ ಹತ್ತಲಿಲ್ಲ. ನೀರು ಹೀರಲಿ ಎಂದು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದಾಳೆ. ಹೋಳಿಗೆ ಉಂಡೆ.

ಅ. 3
ರಿಮೋಟ್ ಏಳಲಿಲ್ಲ. ಒಳಗಿನದು ನಡೆದೇ ಇದೆ, ಸ್ಕ್ಯಾನ್ ಮೋಡಿಗೆ ಹಾಕುವ ದಾರಿ ಇಲ್ಲ. ಸ್ಕ್ಯಾನ್ ರದ್ದು. ಮಷಿನ್ ಕಂಪನಿಯವರೇ ತಮ್ಮ ಸಾಮಾನು ತಂದು ಬಂದ್ ಮಾಡಬೇಕು. ಹದಿಮೂರಕ್ಕೆ ಬರುತ್ತಾರಂತೆ.
ಶಿರಗುಪ್ಪಿಯ ಅಕ್ಕ ಫೋನ್ ಮಾಡಿದ್ದಳು. ಆರಾಮ ಇದ್ದೇನೆ ಎಂದೆ.

ಅ. 9
ಮರಗಟ್ಟಿದ್ದು ಮೊಣಕಾಲ ತನಕ ಬಂತು.

ಅ. 13, ಮಧ್ಯಾಹ್ನ, ಸೆಂಟರಿನ ಬೆಂಚು
ಕೊರಳಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಸ್ಕ್ಯಾನ್ ಕೋಣೆಯೊಳಗೆ ಒಯ್ಯುವಂತಿಲ್ಲ. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮುರಿಗೆವ್ವನೇ ಕೊರಳಿಗೆ ಕಟ್ಟಿದಳು. ಖಾಲಿ ಕರಡಿಗೆ ಅವಳ ಮುಷ್ಟಿಯಲ್ಲಿ.
ಕಂಪನಿಯ ಹುಡುಗಿ ಮಹೆಕ ಬಂದಳು. "ಕಾಕಾ, ಬಂದ್ ಮಾಡಾಕತ್ತೇನ್ರಿ. ಉರಿ ಬರತೈತಿ. ಒಳಗ ಅಲ್ಲಾಡದಂಗ ಮಲಗಬೇಕು, ತಡಕೋರಿ."
ಹಲ್ಲು ಕಚ್ಚಿ ಕುಳಿತೆ. ಕಾದೆ.
ಬರಲಿಲ್ಲ.
"ನೋಡ್ರಿ!" ಎಷ್ಟೋ ದಿನಕ್ಕೆ ಮುರಿಗೆವ್ವನ ಮುಖ ಅರಳಿತು. "ಉರೀನ ಹೋಗೇತಿ! ನಾ ಮಾಡಿದ ಪೂಜಿ ಸುಳ್ಳಾಗಲಿಲ್ಲ."
ಮಹೆಕ ನಗಲಿಲ್ಲ. ಕೆಳಗೆ ಕುಳಿತಳು.
"ಕಾಕಾ, ಇದು ಗೊತ್ತಾಗತೈತೇನ್ರಿ?"
"ಯಾವುದವಾ?"
ಬಗ್ಗಿ ನೋಡಿದೆ. ನನ್ನ ಎಡಗಾಲ ಹೆಬ್ಬೆರಳನ್ನು ಜೋರಾಗಿ ಹಿಂಡುತ್ತಿದ್ದಳು.
ಮಹೆಕ ಡಾಕ್ಟರಿಗೆ ಫೋನ್ ಮಾಡಲು ಹೊರಗೆ ಹೋಗಿದ್ದಾಳೆ. ಮುರಿಗೆವ್ವ ಇನ್ನೂ ನಗುತ್ತಿದ್ದಾಳೆ. ಹೋದದ್ದು ಉರಿಯಲ್ಲ, ಕಾಲು ಎಂದು ಅವಳಿಗೆ ಹೇಳಬೇಕು. ಒಳಗಿನಿಂದ ನನ್ನ ಹೆಸರು ಕರೆಯುತ್ತಿದ್ದಾರೆ — ನೀಲಕಂಠಪ್ಪ, ನೀಲಕಂಠಪ್ಪ. ಎಡಗಾಲ ಚಪ್ಪಲಿ ಎಲ್ಲಿ